ಮೇಡಂ ಎಳೆದ ಗೆರೆ

ನಮ್ಮ ಮೇಡಂ ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಸರ್ವೆ ಯಂತ್ರದ ಕೊಳವೆಗೆ ಬಲಗಣ್ಣು ಒತ್ತಿ, ಎಡಗಣ್ಣು ಕಿರಿದು ಮಾಡಿ, ವರ್ಷಗಟ್ಟಲೆ ಅಳತೆ ತೆಗೆದು ಆ ರೆಪ್ಪೆಗೆ ಪೂರ್ತಿ ತೆರೆಯುವುದೇ ಮರೆತುಹೋಗಿತ್ತು. ಹೊಸಬರು ಎದುರಿಗೆ ನಿಂತರೆ ‘ಈಕೆ ನನ್ನನ್ನು ನಂಬುತ್ತಿಲ್ಲ’ ಅನ್ನಿಸುತ್ತಿತ್ತು. ಅನ್ನಿಸಿದ್ದು ಸರಿಯೇ. ಅವರು ಯಾರನ್ನೂ ನಂಬುತ್ತಿರಲಿಲ್ಲ.

ಯಲಹಂಕದಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವರು ವಿಭಾಗದ ಮುಖ್ಯಸ್ಥೆ. ಇಂಜಿನಿಯರಿಂಗನ್ನೂ ಸಾರ್ವಜನಿಕ ನೀತಿಯನ್ನೂ ಒಟ್ಟಿಗೆ ಕಲಿಸುವ ವಿಭಾಗ ಅದು. ಸೇತುವೆ ಕಟ್ಟುವುದು ಹೇಗೆ ಎನ್ನುವುದರ ಜೊತೆಗೆ ಎಲ್ಲಿ ಕಟ್ಟಬೇಕು, ಯಾರಿಗಾಗಿ, ಯಾರನ್ನು ಕೇಳಿ ಎನ್ನುವುದನ್ನೂ ಅಲ್ಲಿ ಹೇಳಿಕೊಡುತ್ತಿದ್ದರು. ಸಿವಿಲ್ ಮುಗಿಸಿದ ನಾನು ಎಂ.ಟೆಕ್‌ಗೆ ಅಲ್ಲಿ ಸೇರಿದಾಗ ಅಮ್ಮ ಕೇಳಿದ್ದಳು, “ಇದ್ ಓದಿದ್ರೆ ಏನಾಯ್ತೀಯೆ? ಇಂಜಿನಿಯರ್ರಾ, ತಹಶೀಲ್ದಾರ್ರಾ?” ಪ್ರಶ್ನೆ ತಪ್ಪಲ್ಲ, ನಮ್ಮ ಅಧ್ಯಾಪಕರಲ್ಲೇ ಅದಕ್ಕೆ ಉತ್ತರ ಇರಲಿಲ್ಲ. ಇಂಜಿನಿಯರಿಂಗ್‌ನವರು ನೀತಿಯವರನ್ನು ‘ಬರೀ ಬಾಯಿ’ ಎಂದು ಮೂಗು ಮುರಿಯುತ್ತಿದ್ದರು. ನೀತಿಯವರು ಇವರನ್ನು ‘ಸಿಮೆಂಟು’ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎರಡು ಬಣದವರಿಗೂ ಬೇರೆ ಬೇರೆ ಟೀ ಫ್ಲಾಸ್ಕು. ಮೇಡಂ ಮಾತ್ರ ತಮ್ಮ ಕೋಣೆಯಲ್ಲಿ ಒಬ್ಬರೇ ಕೂತು ಡಬ್ಬಿಯ ಚಪಾತಿ ತಿನ್ನುತ್ತಿದ್ದರು. ಅವರಿಗೆ ಎರಡೂ ಕಡೆಯವರ ಮೇಲೆ ಸಮಾನ ಅನುಮಾನ.

ಪಾಠದ ಮೊದಲ ದಿನವೇ ಹೇಳಿದ್ದರು, “ಎಲ್ಲರ ಮೇಲೂ ಅನುಮಾನ ಪಡಿ. ನನ್ನಿಂದಲೇ ಶುರು ಮಾಡಿ.” ನಾವು ನಕ್ಕೆವು. ಅವರು ನಗಲಿಲ್ಲ.

ಅವರದ್ದು ಎರಡು ನೇಮ. ಒಂದು, ಅಳತೆಯನ್ನು ಹೋಗುತ್ತಾ ತೆಗೆದರೆ ಸಾಲದು, ಬರುತ್ತಲೂ ತೆಗೆಯಬೇಕು. ಗಡಿ ತೋರಿಸುವ ಒಂದು ಬಾಂದುಕಲ್ಲಿನಿಂದ ಇನ್ನೊಂದಕ್ಕೆ ಅಳೆದುಕೊಂಡು ಹೋಗಿ, ಅಲ್ಲಿಂದ ಮತ್ತೆ ಅಳೆಯುತ್ತಾ ಹಿಂದಕ್ಕೆ ಬರಬೇಕು. ಎರಡೂ ಕೂಡಿಬರದಿದ್ದರೆ ಬಿಸಿಲಿರಲಿ, ಹಸಿವಿರಲಿ, ಮೊದಲಿನಿಂದ ಶುರು. ಇನ್ನೊಂದು, ಅಳೆಯುವ ಜಾಗದಲ್ಲಿ ಯಾರ ಮನೆಯ ಕಾಫಿಯನ್ನೂ ಕುಡಿಯುವಂತಿಲ್ಲ. “ಒಂದು ಲೋಟ ಕಾಫಿ ಒಳಗೆ ಹೋದ್ರೆ ಟೇಪು ಒಂದಿಂಚು ಹಿಗ್ಗುತ್ತೆ ಕಣ್ರಮ್ಮ,” ಎನ್ನುತ್ತಿದ್ದರು. ನೀರು ಕೂಡ ತಮ್ಮ ಬ್ಯಾಗಿನ ಬಾಟಲಿಯದೇ ಆಗಬೇಕಿತ್ತು.

ಈ ನೇಮಗಳು ಪುಸ್ತಕದಲ್ಲಿದ್ದಷ್ಟು ದಿನ ಚೆನ್ನಾಗಿದ್ದವು. ಅವು ನಮ್ಮ ಮನೆ ಬಾಗಿಲಿಗೇ ಬಂದಾಗ ನನಗೆ ಮೈ ಉರಿಯಿತು.

ಚಿಕ್ಕಬಾಣಾವರದಲ್ಲಿ ನಮ್ಮದು ಕೆರೆಯ ಕಡೆಗೆ ಇಳಿಯುವ ಬೀದಿ. ಮನೆಗಳ ಬೆನ್ನಿಗೆ ರಾಜಕಾಲುವೆ ಇದೆ, ಬೀದಿಯ ಮೇಲ್ತುದಿಯಲ್ಲಿ ಹೊಸದೊಂದು ಲೇಔಟ್. ಮೇಲಿನ ಮಳೆನೀರು ಲೇಔಟಿನ ಪಕ್ಕದಿಂದ ಕಾಲುವೆಗೆ ಇಳಿದು, ನಮ್ಮ ಹಿತ್ತಿಲನ್ನು ದಾಟಿ ಕೆರೆ ಸೇರಬೇಕು. ಆ ವರ್ಷ ಒಂದು ಮಧ್ಯಾಹ್ನದ ಮಳೆಗೆ ನೀರು ಬೀದಿಯ ಮನೆಗಳಿಗೆಲ್ಲ ನುಗ್ಗಿತು. ‘ಈ ಮನೆಯವರು ಕಾಲುವೆಯ ಮೇಲೆ ಕಟ್ಟಿಕೊಂಡಿದ್ದಾರೆ, ಅದಕ್ಕೇ ಉಕ್ಕಿತು’ ಎಂದು ಲೇಔಟಿನವರು ದೂರು ಕೊಟ್ಟರು. ‘ಲೇಔಟಿನವರೇ ಗೋಡೆ ಎಬ್ಬಿಸಿ ಕಾಲುವೆಯನ್ನು ಕಿರಿದು ಮಾಡಿದ್ದಾರೆ’ ಎಂದು ನಮ್ಮವರು ಕೂಗಾಡಿದರು. ಕಾರಣ ಪತ್ತೆ ಮಾಡುವ ಕೆಲಸ ಕಾಲುವೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯಿಂದ ನಮ್ಮ ವಿಭಾಗಕ್ಕೆ ಬಂತು. ಮೇಡಂ ಕೊಡುವ ವರದಿಯ ಮೇಲೆ ನಮ್ಮ ಬೀದಿ ಉಳಿಯುವುದೋ ನೆಲಸಮವಾಗುವುದೋ ತೀರ್ಮಾನವಾಗಬೇಕಿತ್ತು.

ಮೊದಲ ದಿನ ನಾನೂ ತಂಡದಲ್ಲಿದ್ದೆ. ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂದು ಮನೆಯವರೇ ಗೋಡೆಯ ಮೇಲೆ ಕೈಯಿಟ್ಟು ತೋರಿಸಬೇಕು, ನಾವು ಅಲ್ಲೊಂದು ಗೆರೆ ಎಳೆಯಬೇಕು. ಮುಂಬಾಗಿಲ ಹತ್ತಿರ ಒಂದು, ಹಿತ್ತಿಲ ಗೋಡೆಯ ಮೇಲೆ ಒಂದು. ವಿಭಾಗದ ಉಗ್ರಾಣದಿಂದ ತಂದ ಬಣ್ಣದಿಂದ ಇಡೀ ಬೀದಿಗೆ ಗೆರೆ ಹಾಕಿದೆವು. ಬಣ್ಣ ಕೆಂಪು.

ಬೆಂಗಳೂರಿನಲ್ಲಿ ಗೋಡೆಯ ಮೇಲೆ ಕೆಂಪು ಗುರುತು ಬಿದ್ದರೆ ಅದರ ಅರ್ಥ ಚಿಕ್ಕ ಮಕ್ಕಳಿಗೂ ಗೊತ್ತು. ರಸ್ತೆ ಅಗಲ ಮಾಡುವಾಗ, ಒತ್ತುವರಿ ತೆಗೆಯುವಾಗ ಒಡೆಯಬೇಕಾದ ಗೋಡೆಗೆ ಬಳಿಯುವುದು ಅದನ್ನೇ. ನೀತಿ ಓದಿದವರು, ಅಳತೆ ಓದಿದವರು ಅಷ್ಟು ಜನ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಸಂಜೆಯೊಳಗೆ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಜೆಸಿಬಿಯ ಫೋಟೋಗಳು ಓಡಾಡತೊಡಗಿದವು. ಬೆಳಗಾಗುವ ಹೊತ್ತಿಗೆ ಒಂದು ಗೆರೆಯೂ ಉಳಿದಿರಲಿಲ್ಲ. ಕೆಲವರು ಸುಣ್ಣ ಹೊಡೆದಿದ್ದರು, ಕೆಲವರು ಉಜ್ಜಿ ತೊಳೆದಿದ್ದರು. ನಮ್ಮ ಅಮ್ಮ ಗಾರೆಯನ್ನೇ ಕೆರೆದು ತೆಗೆದಿದ್ದಳು. ಸೊಂಟದ ತನಕ ಎಂದು ತೋರಿಸಿದ್ದವರೆಲ್ಲ ಈಗ “ನೀರಾ? ನಮ್ಮನೇಗ್ ಬಂದೇ ಇಲ್ವಲ್ಲ” ಎನ್ನತೊಡಗಿದರು.

ಮೇಡಂ ಬಂದರು. ಬೀದಿಯ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, “ಕೆಂಪು ಬಳಿದಿದ್ದು ನನ್ನ ತಪ್ಪು. ಯಶವಂತಪುರದಲ್ಲಿ ಹುಟ್ಟಿ ಬೆಳೆದೋಳು ನಾನು. ಗೊತ್ತಿರಬೇಕಿತ್ತು.”

ಜನ ನಂಬಲಿಲ್ಲ. ನಿಜ ಹೇಳುತ್ತೇನೆ, ನಾನೂ ನಂಬಲಿಲ್ಲ. ಹೋಗುತ್ತಾ ಬರುತ್ತಾ ಅಳೆಯುವ ಹೆಂಗಸಿಗೆ ಬಣ್ಣ ಯಾವುದೆಂದು ನೋಡಲು ಪುರುಸೊತ್ತಿರಲಿಲ್ಲವೇ? ಬೇಕೆಂದೇ ಹೆದರಿಸಿ ಸಾಕ್ಷಿಯನ್ನು ಅಳಿಸಿಹಾಕಿಸಿದರೇ? ಯಾರಿಗೆ ಅನುಕೂಲ ಎಂದು ಕೇಳುವುದನ್ನು ಅವರೇ ಕಲಿಸಿದ್ದರು. ಕೇಳಿಕೊಂಡೆ. ಅನುಕೂಲ ಲೇಔಟಿನವರಿಗೇ.

ಮಾರನೆಯ ದಿನ ಅವರು ನನ್ನನ್ನು ತಂಡದಿಂದ ತೆಗೆದರು. “ನಿನ್ನ ಮನೆ ಅಲ್ಲಿದೆ. ನೀನು ಹಿಡಿದ ಟೇಪನ್ನ ಯಾರೂ ನಂಬಲ್ಲ,” ಎಂದರು. ಕೈಯಲ್ಲಿದ್ದ ಟೇಪನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅದೇ ವಾರ ಲೇಔಟಿನ ಮಾಲೀಕರು ಬಿಳಿ ಕಾರಿನಲ್ಲಿ ವಿಭಾಗಕ್ಕೆ ಬಂದರು. ಅವರದೂ ನಮ್ಮೂರಿನ ಹಳೆಯ ಮನೆತನ. ಅವರ ಹೊಲವಿದ್ದ ಕಾಲದಲ್ಲಿ ನಮ್ಮಜ್ಜಿ ಅಲ್ಲಿ ಅವರೆಕಾಯಿ ಬಿಡಿಸಿದ್ದಳು. ಮೇಡಂ ತಾವೇ ಎದ್ದು ಕೋಣೆಯ ಬಾಗಿಲು ಹಾಕಿದರು. ನಾನು ಹೊರಗೆ ನೋಟಿಸ್ ಬೋರ್ಡ್ ಓದುವವಳಂತೆ ನಿಂತೆ. ಬಹಳ ಹೊತ್ತಿನ ಮೇಲೆ ಮಾಲೀಕರು ಹೊರಟರು. ನಾನು ಸೀದಾ ಒಳಗೆ ನುಗ್ಗಿದೆ.

“ಅವರು ಯಾಕ್ ಬಂದಿದ್ರು ಮೇಡಂ?”

ಎಡಗಣ್ಣು ಇನ್ನಷ್ಟು ಕಿರಿದಾಯಿತು. “ಅನುಮಾನ ಬಂತಾ? ಒಳ್ಳೇದು. ಬರದೆ ಇದ್ದಿದ್ರೆ ಇಷ್ಟು ದಿನ ಪಾಠ ಮಾಡಿದ್ದು ವೇಸ್ಟು.”

“ನಾನ್ ಕೇಳಿದ್ದಕ್ಕೆ ಉತ್ತರ ಅಲ್ಲ ಅದು.”

“ಅಲ್ಲ. ವರದಿ ಬರುತ್ತೆ, ಓದು. ಅದ್ರಲ್ಲೂ ನಂಬಿಕೆ ಬರ್ಲಿಲ್ಲ ಅಂದ್ರೆ ಅಳೆದು ನೋಡು.”

ಅವರ ಮೇಲೆ ಅಂದು ಬಂದಷ್ಟು ಸಿಟ್ಟು ನನಗೆ ಜೀವನದಲ್ಲಿ ಯಾರ ಮೇಲೂ ಬಂದಿಲ್ಲ.

ಮತ್ತೆ ಅವರು ಬೀದಿಗೆ ಬಂದಾಗ ಬಣ್ಣದ ಡಬ್ಬಿ ಇರಲಿಲ್ಲ. ಈ ಸಲ ಗುರುತು ಹಾಕುವವರು ಮನೆಯವರೇ, ತಮ್ಮ ಕೈಯಾರೆ, ತಮಗೆ ಬೇಕಾದ್ದರಲ್ಲಿ. ಯಾವ ಜೆಸಿಬಿಯೂ ಅರಿಶಿನದ ಗೆರೆ ನೋಡಿ ಬರುವುದಿಲ್ಲ ಎಂದು ಒಬ್ಬ ಅಜ್ಜಿ ಅರಿಶಿನ ಕಲಸಿ ಹಚ್ಚಿದರು. ಕೆಲವರು ಇದ್ದಿಲು ತಂದರು. ಪಕ್ಕದ ಮನೆಯ ಟೈಲರ್ ಸಾಹೇಬರು ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ಅಚ್ಚುಕಟ್ಟಾಗಿ ಎಳೆದು, “ಮೇಡಂಜೀ, ಸೀದಾ ಐತಾ ನೋಡಿ,” ಎಂದರು. ನಾನು ನಮ್ಮ ಮನೆಯ ಕಿಟಕಿಯಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ.

ನಮ್ಮ ಮನೆಯ ಸರದಿ ಬಂತು. ಅಮ್ಮ ಕಾಫಿ ಹಿಡಿದು ನಿಂತಳು. ಮೇಡಂ “ಬೇಡಮ್ಮ” ಎಂದರು. ಅಮ್ಮನ ಮುಖ ಕಪ್ಪಿಟ್ಟಿತು. ನೀರು ಎಲ್ಲಿಯವರೆಗೆ ಬಂದಿತ್ತು ಎಂದರೆ ಮೊಣಕಾಲಿಗೆ ಕೈಯಿಟ್ಟಳು. ಮೇಡಂ ಒಳಗೆ ಇಣುಕಿ, “ಮೊಣಕಾಲುದ್ದ ನೀರಿಗೆ ಬೀರುವಿನ ಎರಡನೇ ಹಲಗೆ ಇಷ್ಟು ಊದ್ಕೊಳ್ಳಲ್ಲ ಅಮ್ಮ,” ಎಂದರು. ಅಮ್ಮ ಅವರನ್ನು ದುರುಗುಟ್ಟಿ ನೋಡಿ, ಕೈಯನ್ನು ಸೊಂಟಕ್ಕೆ ಏರಿಸಿದಳು. ಹಿತ್ತಿಲಲ್ಲಿ ಮಾತ್ರ ನೀರು ಪಾದ ಮುಳುಗುವಷ್ಟೇ ಇತ್ತು. ಅದರ ಬಗ್ಗೆ ಸುಳ್ಳು ಹೇಳಬೇಕಾದ ಪ್ರಮೇಯವೇ ಇರಲಿಲ್ಲ.

ಅವರು ಹೋದ ಮೇಲೆ ಅಮ್ಮ ಲೋಟದ ಕಾಫಿಯನ್ನು ಬಚ್ಚಲಿಗೆ ಸುರಿದು ಹೇಳಿದಳು, “ಮನೇಗ್ ಬಂದು ಒಂದ್ ತೊಟ್ಟು ಕಾಫಿ ಕುಡೀದೋಳು ಮನೆ ಉಳುಸ್ತಾಳೇನೆ? ಇಂಗೆ ಆಯ್ತದೆ ಅಂತ ನಂಗ್ ಮೊದ್ಲೇ ಗೊತ್ತಿತ್ತು. ನಿಮ್ ಮೇಡಮ್ಮ ನಮ್ಮನೇನ ಒಡೆಸ್ತಾಳೆ ನೋಡ್ತಿರು.”

ವರದಿ ಓದುವ ಸಭೆ ನಮ್ಮೂರ ಶಾಲೆಯ ಹಾಲಿನಲ್ಲಿ ನಡೆಯಿತು. ಕೆಲಸ ಒಪ್ಪಿಸಿದ್ದ ಕಚೇರಿಯ ದೊಡ್ಡ ಇಂಜಿನಿಯರು, ಲೇಔಟಿನವರು, ನಾವು, ಎಲ್ಲರೂ ಸೇರಿದ್ದೆವು. ಮೇಡಂ ಎದ್ದು ಮೊದಲು ಹೇಳಿದ್ದು ನಮ್ಮ ವಿರುದ್ಧ. ಕಾಲುವೆಯ ಗಡಿಯ ಎರಡು ಬಾಂದುಕಲ್ಲುಗಳ ನಡುವೆ ಗೆರೆ ಎಳೆದರೆ ಈ ಬೀದಿಯ ಕೆಲವು ಮನೆಗಳ ಹಿಂಭಾಗ ಕಾಲುವೆಯ ಜಾಗದಲ್ಲಿದೆ ಎಂದರು. ಯಾವ ಮನೆಯದು ಏನೇನು ಎಂದು ಒಂದೊಂದಾಗಿ ಓದಿದರು. ನಮ್ಮ ಬಚ್ಚಲುಮನೆ ಪೂರ್ತಿ ಕಾಲುವೆಯದೇ. ಅಡುಗೆಮನೆಯ ಗೋಡೆಯ ಹೊರಮೈಗೆ ಗೆರೆ ತಾಕಿಕೊಂಡು ಹೋಗುತ್ತದೆ, ಅದು ನಮ್ಮದು. ಅಮ್ಮ ಎದ್ದು ನಿಂತು ಬಾಯಿಗೆ ಬಂದದ್ದೆಲ್ಲ ಬೈದಳು. ಅವಳ ಸೆರಗು ಹಿಡಿದು ಕೂರಿಸಬೇಕು ಅಂತ ನನಗೂ ಅನ್ನಿಸಲಿಲ್ಲ.

ಮೇಡಂ ಕಾದರು. ಆಮೇಲೆ ಹೇಳಿದರು, “ಆದ್ರೆ ನೀರು ಉಕ್ಕಿದ್ದು ಇದ್ರಿಂದಲ್ಲ. ಹಿತ್ತಿಲಿಂದ ಉಕ್ಕಿದ್ರೆ ಹಿತ್ತಿಲ ಗುರುತು ಎತ್ತರ ಇರ್ಬೇಕಿತ್ತು. ಪ್ರತಿ ಮನೇಲೂ ಮುಂಬಾಗಿಲ ಗುರುತು ಎತ್ತರ, ಹಿತ್ತಿಲದು ತಗ್ಗು. ನೀರು ಬಂದಿದ್ದು ಬೀದಿಯಿಂದ. ಬೀದಿಗೆ ಬಂದಿದ್ದು ಲೇಔಟಿನ ಗೋಡೆ ಕಾಲುವೆ ಬಾಯಿ ಅಮುಕಿರೋದ್ರಿಂದ. ಆ ಗೋಡೆ ತೆಗೀಬೇಕು.”

ಲೇಔಟಿನ ಮಾಲೀಕರು ಎದ್ದರು. “ಬೀದಿಯೋರ ಮಾತು ಕಟ್ಕೊಂಡು ಬರೆದಿದೀರ ನೀವು.”

ದೊಡ್ಡ ಇಂಜಿನಿಯರೇ ಉತ್ತರ ಕೊಟ್ಟರು, “ಬೀದಿಯೋರ ಬಚ್ಚಲು ಒಡೀರಿ ಅಂತ ಬರೆದಿರೋರು ಅವರ ಪರ ಹೇಗಾಗ್ತಾರೆ ಸ್ವಾಮಿ?”

ಗೋಡೆ ಹೋಯಿತು. ಬೀದಿ ಉಳಿಯಿತು. ನಮ್ಮ ಬಚ್ಚಲುಮನೆಯೂ, ಇನ್ನು ಕೆಲವರ ದನದ ಕೊಟ್ಟಿಗೆ, ಶೀಟಿನ ಕೋಣೆಗಳೂ ಹೋದವು. ಆ ಮಾಲೀಕರು ಮುಚ್ಚಿದ ಬಾಗಿಲ ಹಿಂದೆ ಏನು ಕೇಳಿದ್ದರು ಎಂದು ಮೇಡಂ ಕೊನೆಗೂ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅವರು ಒಬ್ಬರೇ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಒಳಗೆ ಕೂತು, “ಅಮ್ಮ, ಈಗ ಕಾಫಿ ಕೊಡಿ, ಕುಡೀತೀನಿ,” ಎಂದರು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಹಾಲು ಒಡೆದೋಗೈತೆ,” ಎಂದಳು. ಹಾಲು ಒಡೆದಿರಲಿಲ್ಲ, ಒಲೆಯ ಮೇಲೆ ಆಗತಾನೇ ಕಾದು ಘಮಘಮಿಸುತ್ತಿತ್ತು. ಮೇಡಂ ಮೂಗು ಅರಳಿಸಿದರು, ನಕ್ಕರು, “ಆಗ್ಲಿ ಬಿಡಿ” ಎಂದು ಎದ್ದರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು. ಕಾಯಿಲೆ ಆಗಲೇ ಒಳಗೆ ಹೊಕ್ಕಿತ್ತಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಇರಲಿಲ್ಲ. ಹೆಬ್ಬಾಳದ ಚಿತಾಗಾರದಲ್ಲಿ ಎರಡು ಬಣದ ಅಧ್ಯಾಪಕರೂ ಒಂದೇ ಬೆಂಚಿನ ಮೇಲೆ ಕೂತು ಅತ್ತರು.

ಆ ವರ್ಷದ ಮಳೆಗೆ ನೀರು ಕಾಲುವೆಯಲ್ಲೇ ಹರಿದು ಹೋಯಿತು. ಇಡೀ ಬೀದಿ ಮಾಳಿಗೆ ಹತ್ತಿ ನೋಡುತ್ತಿತ್ತು.

ಈಗ ನಾನು ಅದೇ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ವಿದ್ಯಾರ್ಥಿಗಳಿಗೆ ಅಭ್ಯಾಸವಾಗಲಿ ಎಂದು ನಮ್ಮ ಬೀದಿಗೇ ಕರೆದುಕೊಂಡು ಹೋಗಿ, ಆ ಎರಡು ಬಾಂದುಕಲ್ಲುಗಳ ನಡುವಿನ ಗೆರೆಯನ್ನು ಮತ್ತೆ ಎಳೆಸಿದೆ. ಗೆರೆ ನಮ್ಮ ಅಡುಗೆಮನೆಯ ಗೋಡೆಯ ಹೊರಮೈಗೆ ತಾಕಲಿಲ್ಲ. ಗೋಡೆಯನ್ನು ದಾಟಿ ಗೇಣುದ್ದ ಒಳಗೆ ಹೋಯಿತು, ಒಲೆಕಟ್ಟೆಯ ಕೆಳಗೆ. ಹುಡುಗರು ತಪ್ಪಿದ್ದಾರೆ ಎಂದುಕೊಂಡು ಅವರನ್ನು ಕಳಿಸಿ, ನಾನೇ ಯಂತ್ರ ಹಿಡಿದೆ. ಅಳೆಯುತ್ತಾ ಹೋದೆ. ಅಳೆಯುತ್ತಾ ಬಂದೆ. ಎರಡೂ ಕೂಡಿಬಂದವು. ಮೇಡಂ ಬರೆದದ್ದರೊಂದಿಗೆ ಮಾತ್ರ ಕೂಡಿಬರಲಿಲ್ಲ.

ಅವರ ಅಳತೆ ತಪ್ಪುವುದೆಂದರೇನು? ಆ ದಿನಗಳಲ್ಲಿ ಕೈ ನಡುಗುತ್ತಿತ್ತೋ ಏನೋ, ಕಣ್ಣು ಮಂಜಾಗಿತ್ತೋ ಏನೋ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಬೀದಿಯ ಬೇರೆ ಎಲ್ಲ ಮನೆಗಳ ಅಳತೆಯೂ ಕೂದಲೆಳೆಯಷ್ಟೂ ತಪ್ಪಿಲ್ಲ. ಅನುಮಾನ ಪಡಲು ಕಲಿಸಿದವರ ಮೇಲೆ ಇಂಥ ಅನುಮಾನವನ್ನೂ ಪಡಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಮ್ಮ ಈಗಲೂ ಬಚ್ಚಲುಮನೆ ನೆನೆಸಿಕೊಂಡು ಅವರಿಗೆ ಹಿಡಿಶಾಪ ಹಾಕುತ್ತಾಳೆ. ಅದೇ ಅಡುಗೆಮನೆಯಲ್ಲಿ, ಅದೇ ಒಲೆಯ ಮುಂದೆ ನಿಂತು, ಸಾರಿಗೆ ಒಗ್ಗರಣೆ ಹಾಕುತ್ತಾ ಬಯ್ಯುತ್ತಾಳೆ. ನಾನು ತಟ್ಟೆ ಹಾಕಿಕೊಂಡು ಕೂತು, ಸಾರು ಬಡಿಸು ಎನ್ನುತ್ತೇನೆ.