ಕೌದಿಗೂ ಹಸಿವಾಗುತ್ತದೆ

ಮರ್ಫಿ ಟೌನಿನ ಈ ಓಣಿಯಲ್ಲಿ ಬೆಳಕು ಬಾಗಿಲ ಮೆಟ್ಟಿಲವರೆಗೆ ಬಂದು ನಿಲ್ಲುತ್ತದೆ. ಒಳಗಿನ ಕೋಣೆಗೆ ಕಿಟಕಿಯಿಲ್ಲ. ಅದಕ್ಕೇ ಜಟ್ಟೆಮ್ಮ ನಸುಕಿನಲ್ಲೇ ಮೆಟ್ಟಿಲಿಗೆ ಬಂದು, ಒಂದು ಕಾಲು ಮಡಚಿ, ನೋಯುವ ಇನ್ನೊಂದನ್ನು ಓಣಿಗೆ ಚಾಚಿ ಕೂರುತ್ತಾರೆ. ತೊಡೆಯ ಮೇಲೆ ಕೌದಿ. ಹಾಲಿನವನ ಸೈಕಲ್ಲು ಬಂದಾಗ ಕಾಲೆಳೆದುಕೊಳ್ಳುತ್ತಾರೆ, ಹೋದ ಮೇಲೆ ಮತ್ತೆ ಚಾಚುತ್ತಾರೆ. ಸೂಜಿ ಮಾತ್ರ ನಿಲ್ಲುವುದಿಲ್ಲ.

ದೂರಕ್ಕೆ ಇದು ಹಳೆಯ ಸೀರೆಗಳ ಮಾಮೂಲಿ ಕೌದಿ. ಹತ್ತಿರ ಹೋದರೆ ನಡುವೆ ನೇರಳೆ ಬಣ್ಣದ ದುಂಡನೆಯ ತುಂಡು ಕಾಣುತ್ತದೆ. ಅದು ಜೀವಕೋಶದ ಕೋಶಕೇಂದ್ರ. ಸುತ್ತಲೂ ಹತ್ತಿ ತುಂಬಿ ಉಬ್ಬಿಸಿದ ಪುಟ್ಟ ಕೆಂಪು ದಿಂಬುಗಳು. ಅವು ಮೈಟೊಕಾಂಡ್ರಿಯಾ, ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವ ಜಾಗ. ಅಂಚಿನ ಹಳದಿ ಬಾರ್ಡರೇ ಕೋಶದ ಪೊರೆ.

"ಇದು ಹೊಚ್ಕೊಳ್ಳೂ ಕೌದಿ ಅಲ್ರಿ. ಸಾಲಿ ಗ್ವಾಡಿಗೆ ತೂಗಹಾಕೂದು," ಎನ್ನುತ್ತಾರೆ ಜಟ್ಟೆಮ್ಮ.

ಕೆಂಪು ದಿಂಬುಗಳಲ್ಲಿ ಒಂದು ತೂತು ತೂತಾಗಿದೆ. ಮಧ್ಯಾಹ್ನದೊಳಗೆ ಅದು ಸರಿಯಾಗಬೇಕು. ಇವತ್ತು ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ ಬೇರೆ ಶಾಲೆಗಳ ವಿಜ್ಞಾನ ಶಿಕ್ಷಕರು ಇದನ್ನು ನೋಡಲು ಹಲಸೂರಿನ ಸರ್ಕಾರಿ ಪ್ರೌಢಶಾಲೆಗೆ ಬರುತ್ತಿದ್ದಾರೆ. ಅವರಿಗೆ ಹಿಡಿಸಿದರೆ ಇನ್ನಷ್ಟು ಕೌದಿಗಳ ಕೆಲಸ ಸಿಗುತ್ತದೆ.

"ಇರುವಿ ತಿಂದಾವ. ತಪ್ಪು ಅವುದಲ್ಲ, ನಂದು."

ಜಟ್ಟೆಮ್ಮನ ಊರು ಸುರಪುರದ ಕಡೆ. ಗಂಡ ಹಂಪಣ್ಣ ಗಾರೆ ಕೆಲಸದವರು. ಮದುವೆಯಾದ ಹೊಸದರಲ್ಲಿ ಇಬ್ಬರೂ ಗರುಡಾಚಾರ್‌ಪಾಳ್ಯದ ಕಟ್ಟಡಗಳಲ್ಲಿ ದುಡಿದರು. ಕಾಂಕ್ರೀಟ್ ಬುಟ್ಟಿ ಹೊತ್ತು ಇಳಿಯುವಾಗ ಜಾರಿಬಿದ್ದು ಜಟ್ಟೆಮ್ಮನ ಮೊಣಕಾಲು ಹೋಯಿತು. ಆಮೇಲೆ ಕುಕ್ ಟೌನಿನ ಮನೆಗಳಲ್ಲಿ ನೆಲ ಒರೆಸುವ ಕೆಲಸ. ಸಂಜೆಯ ಹೊತ್ತಿಗೆ ಮಂಡಿ ಊದಿರುತ್ತದೆ.

"ಕುಂತು ಮಾಡೂ ಕೆಲ್ಸ ಒಂದು ಸಿಕ್ರ ಸಾಕು ಅನಸ್ತದ್ರಿ. ಈ ಕಾಲು ಬಾಳ ದಿನ ಬರಂಗಿಲ್ಲ."

ಅಂಥ ಕೆಲಸ ಓಣಿಯ ಗೋಡೆಯ ಮೇಲೇ ಒಣಗುತ್ತಿತ್ತು. ಹಲಸೂರಿನ ಶಾಲೆಗೆ ಹೋಗುವ ವಿಜ್ಞಾನ ಶಿಕ್ಷಕಿ ಪ್ರಿಯದರ್ಶಿನಿ ಒಂದು ಬೆಳಿಗ್ಗೆ, ಜಟ್ಟೆಮ್ಮ ಮನೆಗೆಂದು ಹೊಲಿದು ಅಲ್ಲಿ ಒಣಹಾಕಿದ್ದ ಕೌದಿ ನೋಡಿ ನಿಂತರು. ಪೇಪರ್ ಚಾರ್ಟುಗಳು ಮೂಲೆ ಹರಿದು, ಮಕ್ಕಳು ಮುಟ್ಟದಂತೆ ಬೀರು ಸೇರಿದ್ದ ಕಾಲ. "ಮುಟ್ಟಿದ್ರೂ ಹರೀಬಾರ್ದು, ಹಂಗೆ ಒಂದು ಹೊಲ್ಕೊಡ್ತೀರಾ?" ಎಂದು ಕೇಳಿದರು.

ಮೊದಲು ಹೊಲಿದದ್ದು ಪರಮಾಣು. ಪಕ್ಕದ ಮನೆಯ ನಾಜಿಶ್ ಶಿವಾಜಿನಗರದ ಟೈಲರ್ ಅಂಗಡಿಯಲ್ಲಿ ಬಟನ್ ತೂರುವ ಕಾಜಾ ಹೊಲಿಯುತ್ತಾರೆ. ಬಟ್ಟೆಯ ಚೂರುಗಳು, ಕುರ್ತಾಗೆ ಹೊಲಿಯದೆ ಹಾಕಿ ಬಿಚ್ಚುವಂಥ ಬಟನ್‌ಗಳು ಅವರ ಕೈಯಿಂದಲೇ ಬಂದವು. ಬಟನ್ ಎಂದರೆ ಎಲೆಕ್ಟ್ರಾನ್. ಸೋಡಿಯಂನ ಹೊರಗಿನ ಸುತ್ತಿನಲ್ಲಿ ಒಂಟಿ ಬಟನ್. ಕ್ಲೋರಿನ್‌ನ ಹೊರಸುತ್ತಿನಲ್ಲಿ ಒಂದು ಕಾಜಾ ಖಾಲಿ. ಅಲ್ಲಿಂದ ಬಿಚ್ಚಿ ಇಲ್ಲಿಗೆ ಹಾಕಿದರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅದೇ ಅಡುಗೆಮನೆಯ ಉಪ್ಪು.

"ಒಬ್ರತ್ರ ಒಂದು ಜಾಸ್ತಿ, ಇನ್ನೊಬ್ರತ್ರ ಒಂದು ಕಮ್ಮಿ," ಎಂದು ಬಾಗಿಲಿಂದಲೇ ನಗುತ್ತಾರೆ ನಾಜಿಶ್. "ನಾನ್ ಹೇಳ್ದೆ, ಅರೇ ಜಟ್ಟೆಮ್ಮ, ಇಬ್ರಿಗೂ ಶಾದಿ ಮಾಡ್ಸಿಬಿಡಿ!"

"ಮಾಡ್ಸೀನಲ್ಲ, ಅದಕ್ಕ ನಿಮ್ಮ ಬಿರ್ಯಾನಿಗೆ ರುಚಿ ಬಂದದ."

ಜೀವಕೋಶ ಅಷ್ಟು ಸುಲಭವಾಗಿರಲಿಲ್ಲ. ನಾವು ಉಂಡದ್ದು ಗ್ಲೂಕೋಸ್ ಆಗಿ ಕೋಶ ಸೇರುತ್ತದೆ. ಅದರ ಎಲೆಕ್ಟ್ರಾನ್‌ಗಳು ಮೈಟೊಕಾಂಡ್ರಿಯಾದ ಒಳಮಡಿಕೆಯಲ್ಲಿ ಕೈಯಿಂದ ಕೈಗೆ ದಾಟುತ್ತ ಹೋಗುತ್ತವೆ. ದಾಟುವಾಗ ಬಿಡುವ ಶಕ್ತಿಯನ್ನು ಕೋಶ ಹಿಡಿದಿಟ್ಟುಕೊಳ್ಳುತ್ತದೆ. ಪ್ರಿಯದರ್ಶಿನಿ ಇದನ್ನು ಎರಡು ಮೂರು ಸಲ ಹೇಳಬೇಕಾಯಿತು. ಜಟ್ಟೆಮ್ಮನಿಗೆ ಹೊಳೆದದ್ದು ಸ್ಲ್ಯಾಬ್ ಹಾಕುವ ದಿನ, ಸಾಲಾಗಿ ನಿಂತು ಬುಟ್ಟಿ ದಾಟಿಸುವವರು.

"ಕಡೀಕ ನಿಂತಾಂವ ಬುಟ್ಟಿ ತಗೊಳ್ಳಿಲ್ಲಂದ್ರ ಏನಾಗ್ತದ್ರಿ ಅಕ್ಕೋರೆ ಅಂತ ಕೇಳ್ದೆ."

"ಸಾಲೆಲ್ಲ ನಿಂತ್ಹೋಗುತ್ತೆ ಅಂದೆ. ಕೊನೇಲಿ ನಿಂತಿರೋದು ಆಮ್ಲಜನಕ. ನಾವು ಉಸಿರಾಡೋದೇ ಅದಕ್ಕೆ," ಎನ್ನುತ್ತಾರೆ ಪ್ರಿಯದರ್ಶಿನಿ.

ಕೆಂಪು ದಿಂಬಿನ ಮೇಲೆ ಕಾಜಾಗಳ ಸಾಲು ಬಂದದ್ದು ಹಾಗೆ. ಸಾಲಿನ ಕೊನೆಯಲ್ಲಿ ಒಂದು ನೀಲಿ ತುಂಡು, ಆಮ್ಲಜನಕ.

ಎಡವಟ್ಟಾದದ್ದು ಕೊನೆಯ ಹೊಲಿಗೆಯಲ್ಲಿ. ಕೌದಿಯನ್ನು ಪೂರ್ತಿ ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುವುದು ಜಟ್ಟೆಮ್ಮನ ತವರಿನ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬ ನಂಬಿಕೆ. ಮೈಟೊಕಾಂಡ್ರಿಯಾ ದಿಂಬುಗಳಲ್ಲಿ ಬಾಯಿ ತೆರೆದಿದ್ದ ಒಂದಕ್ಕೆ ಅವರು ಯಾರಿಗೂ ಹೇಳದೆ ಹೋಳಿಗೆ ಇಟ್ಟು ಹೊಲಿದರು. ಶಾಲೆಯ ಬೀರುವಿನಲ್ಲಿ ಇರುವೆಗಳಿಗೆ ವಾಸನೆ ಸಿಕ್ಕಿತು.

ತರಗತಿಯ ಮುಂದೆ ಕೌದಿ ಬಿಚ್ಚಿದಾಗ ಇರುವೆ ಸಾಲು ಹೊರಬಿತ್ತು. ಜಟ್ಟೆಮ್ಮನನ್ನು ಶಾಲೆಗೆ ಕರೆಸಿದರು.

"ಒಳಗೆ ಏನ್ ಇಟ್ಟಿದ್ರಿ ಜಟ್ಟೆಮ್ಮ?"

"ಹೋಳಿಗಿ ರೀ ಅಕ್ಕೋರೆ."

"ಹೋಳಿಗೆನಾ? ಮೈಟೊಕಾಂಡ್ರಿಯಾದೊಳಗಾ?"

ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಆಗ ಒಬ್ಬ ಹುಡುಗಿ ಎದ್ದು, "ಮಿಸ್, ಊಟ ಹೋಗೋದು ಅಲ್ಲಿಗೇ ತಾನೇ? ಕರೆಕ್ಟಾಗೇ ಇಟ್ಟಿದ್ದಾರಲ್ಲ" ಎಂದಳು. ಗ್ಲೂಕೋಸ್ ಮೊದಲು ಹೊರಗೇ ಒಡೆದು, ಆಮೇಲೆ ಅದರ ಚೂರು ಒಳಗೆ ಹೋಗುತ್ತದೆ ಎಂದು ತಿದ್ದಿದ ಪ್ರಿಯದರ್ಶಿನಿಗೂ ನಗು ತಡೆಯಲಾಗಲಿಲ್ಲ. ಆದರೂ ಕೌದಿಯನ್ನು ಮಡಚಿ ಕೈಗಿಟ್ಟು, "ಶನಿವಾರದೊಳಗೆ ಸರಿ ಮಾಡಿ. ಇನ್ನೊಂದ್ಸಲ ಇರುವೆ ಬಂದ್ರೆ ನಾನೇನೂ ಮಾಡೋಕಾಗಲ್ಲ" ಎಂದರು.

ಈಗ ಮೆಟ್ಟಿಲ ಮೇಲೆ ಸೂಜಿ ನಿಲ್ಲುತ್ತದೆ. ತೇಪೆ ಮುಗಿದಿದೆ, ದಿಂಬಿನ ಬಾಯಿ ಮುಚ್ಚುವುದಷ್ಟೇ ಬಾಕಿ. ಜಟ್ಟೆಮ್ಮನ ಬೆರಳು ಆ ಖಾಲಿ ಜಾಗದಲ್ಲೇ ಇದೆ.

"ಖಾಲಿ ಹೊಲೀಲಿಕ್ಕಿ ಕೈ ಏಳವಲ್ದು. ಊರಿಂದ ಅವ್ವ ಫೋನ್ ಮಾಡ್ದಾಗೊಮ್ಮೆ ಕೇಳ್ತಾಳ, ಕೌದಿ ಉಂಡದೇನು ಅಂತ. ಏನ್ ಹೇಳ್ಲಿ?"

ಅವರು ಎದ್ದು ನಾಜಿಶ್ ಮನೆಯ ಬಾಗಿಲು ಬಡಿಯುತ್ತಾರೆ. "ಇದಕ್ಕೊಂದು ಕಾಜಾ ಹಾಕ್ಕೊಡ್ರಿ." ಬಾಯಿಗೆ ಹೊಲಿಗೆಯ ಬದಲು ಬಟನ್ ಬೀಳುತ್ತದೆ. ಹಳದಿ ಚೂರುಗಳಲ್ಲಿ ಅಂಗೈಗಿಂತ ಚಿಕ್ಕ ಹೋಳಿಗೆಗಳು ತಯಾರಾಗುತ್ತವೆ. ಬಟ್ಟೆಯ ಹೋಳಿಗೆಗೆ ಇರುವೆ ಬರುವುದಿಲ್ಲ.

ಮಧ್ಯಾಹ್ನ ಹಲಸೂರಿನ ತರಗತಿಯ ಗೋಡೆಗೆ ಕೌದಿ ಏರುತ್ತದೆ. ಬಾಗಿಲ ಬಳಿ ಜಟ್ಟೆಮ್ಮ ಸೆರಗು ಹಿಡಿದು ನಿಂತಿದ್ದಾರೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದು ದಿಂಬಿನ ಬಾಯಿ ಬಿಚ್ಚಿ ಹೋಳಿಗೆ ಹಾಕುತ್ತಾರೆ, ಎಲೆಕ್ಟ್ರಾನ್ ಬಟನ್ ಬಿಚ್ಚಿ ಮುಂದಿನ ಕಾಜಾಕ್ಕೆ ದಾಟಿಸುತ್ತಾರೆ. ಕೊನೆಯ ಹುಡುಗಿ ನೀಲಿ ತುಂಡಿಗೆ ಬಟನ್ ಹಾಕಿ ಜೋರಾಗಿ ಉಸಿರೆಳೆದುಕೊಂಡಾಗ ಬಂದ ಶಿಕ್ಷಕರೂ ನಗುತ್ತಾರೆ.

"ಚೆನ್ನಾಗಿದೆ. ಆದ್ರೆ ಧೂಳು ಹಿಡಿಯಲ್ವಾ ಇದು?" ಎನ್ನುತ್ತಾರೆ ಕೆ.ಆರ್. ಪುರದ ಕಡೆಯ ಶಾಲೆಯಿಂದ ಬಂದ ಮೇಷ್ಟ್ರೊಬ್ಬರು.

"ಒಗೀರಿ ಸರ್," ಎನ್ನುತ್ತಾರೆ ಜಟ್ಟೆಮ್ಮ. "ಪೇಪರ್ ಚಾರ್ಟ್ ಒಗೀಲಿಕ್ಕಿ ಬರ್ತದೇನ್ರಿ?"

ಒಬ್ಬಿಬ್ಬರು ಆಮೇಲೆ ತಿಳಿಸುತ್ತೇವೆಂದು ಹೊರಡುತ್ತಾರೆ. ಮೂರು ಶಾಲೆಯವರು ಅಲ್ಲೇ ಬೇಕೆನ್ನುತ್ತಾರೆ. ಧೂಳಿನ ಮೇಷ್ಟ್ರಿಗೆ ಎಲೆಯ ಜೀವಕೋಶವೇ ಬೇಕು, ಹಸಿರು ಜಾಸ್ತಿ ಇರುವಂಥದ್ದು. ಹಸಿರು ಚೂರು ಎಲ್ಲಿ ಸಿಕ್ಕೀತೆಂದು ಜಟ್ಟೆಮ್ಮ ಆಗಲೇ ಯೋಚಿಸುತ್ತಿದ್ದಾರೆ. ಕುಕ್ ಟೌನಿನಲ್ಲಿ ಒಂದು ಮನೆಯನ್ನಾದರೂ ಬಿಡಬಹುದು, ಮೆಟ್ಟಿಲು ಜಾಸ್ತಿ ಇರುವ ಆ ಮನೆಯನ್ನು.

ಸಂಜೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಾಗ ಊರಿನಿಂದ ಫೋನು. ಅವ್ವನದು ಅದೇ ಪ್ರಶ್ನೆ.

"ಉಣ್ತದವ್ವ, ದಿನಾ ಉಣ್ತದ. ಹುಡುಗ್ರು ಪಾಳಿ ಹಚ್ಚಿ ಉಣಸ್ತಾವ," ಎನ್ನುತ್ತಾರೆ ಜಟ್ಟೆಮ್ಮ, ಸೂಜಿಗೆ ದಾರ ಪೋಣಿಸುತ್ತ. "ಈಗ ಫೋನ್ ಇಡ್ತೀನಿ. ಇನ್ನ ಮೂರು ಕೌದಿ ಹಸ್ದು ಕುಂತಾವ."