ಹೆಗಲಿಗೆ ಗೊತ್ತಿದ್ದ ಗುದ್ದು

ನಮ್ಮ ಓಣಿಯ ಹುಡುಗಿ ಬಾಕ್ಸಿಂಗಿನಲ್ಲಿ ಹೆಸರು ಮಾಡಿದ ಮೇಲೆ ನನ್ನ ನಾಲಿಗೆ ಉದ್ದವಾಯಿತು. ಉಮರ್ಗಾ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ದೇಶದ ಚಾಂಪಿಯನ್ನರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದೆ. ಒಬ್ಬಳಿಗೆ ವೇಗವಿದೆ, ಪೆಟ್ಟಿಗೆ ತೂಕವಿಲ್ಲ. ಇನ್ನೊಬ್ಬಳ ಬಲಗೈ ಜೋರು, ಆದರೆ ಎರಡನೇ ಸುತ್ತಿಗೇ ಸುಸ್ತಾಗುತ್ತಾಳೆ. ನಮ್ಮವಳನ್ನು ಮಾತ್ರ ಮೊದಲ ಮೂವರಿಂದ ಕೆಳಗಿಳಿಸಿದವನಲ್ಲ. ಅವಳ ಎಡಗೈ ಗುದ್ದು ಪಕ್ಕೆಲುಬಿಗೆ ಬಿತ್ತೆಂದರೆ ಎದುರಿನವಳ ಆಟ ಮುಗಿಯಿತು ಎನ್ನುತ್ತಿದ್ದೆ.

ಹೇಳುವ ಹಕ್ಕೂ ನನಗಿತ್ತು. ಗುಂಜೋಟಿಯ ನಮ್ಮ ಅಂಗಳದಲ್ಲಿ ಗೋಣಿಚೀಲಕ್ಕೆ ತೊಗರಿ ಹೊಟ್ಟು ತುಂಬಿ ಬೇವಿನ ಮರಕ್ಕೆ ಕಟ್ಟಿಕೊಟ್ಟವನು ನಾನೇ. ಅವಳು ಗುದ್ದುವಾಗ ಚೀಲ ಓಲಾಡದಂತೆ ಹಿಂದಿನಿಂದ ಹೆಗಲು ಕೊಟ್ಟು ನಿಲ್ಲುತ್ತಿದ್ದೆ. ನಾಲ್ಕು ವರ್ಷ ನಿಂತೆ. ಆ ಹೆಗಲು ಈಗಲೂ ಚಳಿಗಾಲದಲ್ಲಿ ನೋಯುತ್ತದೆ.

ಹೋದ ವರ್ಷ ನಿಲಂಗಾದಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮದುವೆಯಾದ ಮೇಲೂ ಆಡಲಿ ಎಂದಿದ್ದ. ಹೆಣ್ಣು ನೋಡಿ ಹೋದ ಮೇಲೆ ಹುಡುಗಿ ಹೇಗೆಂದು ನೆರೆಮನೆಯಲ್ಲಿ ಕೇಳಿ ಚೌಕಶಿ ಮಾಡುವುದು ನಮ್ಮ ಕಡೆಯ ರೂಢಿ. ನೆರೆಯವರಿಗೂ ಒಂದು ರೂಢಿಯಿದೆ: ಹುಡುಗಿಯ ಬಗ್ಗೆ ಎಲ್ಲವನ್ನೂ ಮೆತ್ತಗೆ ಮಾಡಿ ಹೇಳುವುದು. ಜಗಳಗಂಟಿಯಾದರೂ 'ಸ್ವಲ್ಪ ಚುರುಕು' ಎಂದು ಕಳಿಸುತ್ತೇವೆ.

ಹುಡುಗನ ಸೋದರಮಾವ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದರು.

"ಅಣ್ಣಾರ, ಖರೆ ಹೇಳ್ರಿ. ಪೋರಿ ಕೈ ಭಾಳ ಜೋರ ಅದ ಅಂತಾರ. ನಾಳಿ ನಮ್ಮ ಹುಡುಗನ ಮ್ಯಾಲ ಎತ್ತಿದ್ರ?"

"ಅದೇನ್ ಗುದ್ದು ಬಿಡ್ರಿ," ಎಂದು ನಾನು ನಕ್ಕೆ. "ಹತ್ತಿ ಹಿಂಜಿದಂಗ. ಪಾಯಿಂಟಿನ ಮ್ಯಾಲ ಗೆಲ್ತಾಳ ಅಷ್ಟೇ. ದೊಡ್ಡ ಚಾಂಪಿಯನ್ನರ ಮುಂದ ನಿಲ್ಲೂ ಹಂತಾಕಿ ಅಲ್ಲ. ಸುಮ್ಮ ಹುಡುಗಾಟ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಹೇಳಿದ್ದು ಎಂದು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ವಾರದೊಳಗೆ ಜವಾಬು ಬಂತು. ಹೆಣ್ಣು ಒಪ್ಪಿಗೆ. ಆದರೆ ಬರೀ ಹುಡುಗಾಟವೆಂದು ನೆರೆಯವರೇ ಹೇಳುವಾಗ ಬಾಕ್ಸಿಂಗನ್ನು ಮದುವೆಗೆ ಮುಂಚೆಯೇ ಬಿಡಲಿ ಎಂದಿದ್ದರು. ಹುಡುಗನೂ ಮಾವನ ಮಾತಿಗೆ ತಲೆಯಾಡಿಸಿದ್ದ. ಅವನು ಅವಳಿಗೆ ಇಷ್ಟವಾಗಿದ್ದ, ಅದು ಓಣಿಗೆಲ್ಲ ಗೊತ್ತಿತ್ತು. ಆದರೂ ಸಂಬಂಧ ಬೇಡವೆಂದಳು.

ಉದಗೀರದಲ್ಲಿ ರೈಲು ಹಿಡಿದು ತರಬೇತಿ ಶಿಬಿರಕ್ಕೆ ಹೋಗುವ ಮುನ್ನ ಅವಳು ನಮ್ಮ ಮನೆಗೆ ಬಂದಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ನಿಜವಾಗಿ ತಿಳಿಯಬೇಕಾದವಳಂತೆ ಮೆಲ್ಲಗೆ ಕೇಳಿದಳು.

"ಕಾಕಾ, ಚಾ ಅಂಗಡ್ಯಾಗ ಒಂದ್ ಹೇಳ್ತೀರಿ, ಅವರ ಮುಂದ ಒಂದ್ ಹೇಳೀರಿ. ಖರೇನ ನನ್ನ ಗುದ್ದು ಹಗುರ ಅದ ಏನ್ರಿ?"

"ಇಲ್ಲವ್ವ, ಭಾಳ ಜೋರ ಅದ. ನನ್ನ ಹೆಗಲು ಕೇಳು," ಎಂದೆ.

ನೆರೆಯವರು ಮೆತ್ತಗೆ ಮಾಡಿ ಹೇಳುವ ಮಾತಿಗೆ ನಂಬದಿದ್ದರೂ ತಲೆಯಾಡಿಸುವಂತೆ ತಲೆಯಾಡಿಸಿ, ಬ್ಯಾಗು ಎತ್ತಿಕೊಂಡು ಹೊರಟಳು.