ತಡವಾಗಿ ಬಂದ ಮೀಸೆ

ಬೆಳಗ್ಗೆ ಮುಖ ತೊಳೆದ ಕೂಡಲೇ ಅವರು ಕೈಗೆತ್ತಿಕೊಳ್ಳುವುದು ಸೋಪಿನ ನೊರೆಯಲ್ಲಿ ಅದ್ದಿದ ಹಳೆಯ ಬ್ರಷ್ಷನ್ನು. ಸಿಲಿಂಡರಿನ ರೆಗ್ಯುಲೇಟರಿಗೆ, ಕೊಳವೆಯ ತುದಿಗಳಿಗೆ ನೊರೆ ಹಚ್ಚಿ ಬಗ್ಗಿ ನೋಡುತ್ತಾರೆ. ಗುಳ್ಳೆ ಏಳದಿದ್ದರೆ ಮಾತ್ರ ಒಲೆ ಹಚ್ಚುವುದು. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಗ್ಯಾಸ್ ಒಲೆ ರಿಪೇರಿ ಅವರ ಕಸುಬು. ಓಣಿಯವರಿಗೆಲ್ಲ ಅವರು ನೊರೆಮಾವ. ಬೇರೆಯವರು ಮೂಸಿ ನೋಡುವ ಸೋರಿಕೆಯನ್ನು ಇವರು ಕಣ್ಣಿನಿಂದಲೇ ಹುಡುಕಬೇಕು. ಹುಟ್ಟಿನಿಂದ ಅವರಿಗೆ ಯಾವ ವಾಸನೆಯೂ ತಿಳಿಯದು. ದೇವರು ಕೊಡದಿದ್ದುದಕ್ಕೆ ದೂರದೆ, ಕೊಟ್ಟದ್ದರಲ್ಲಿ ಎಚ್ಚರವಾಗಿ ಬದುಕಿದವರು.

ಇನ್ನೊಂದು ಕೊರತೆಯೂ ಇತ್ತು. ಮೂವತ್ತು ದಾಟಿದರೂ ದನಿ ಒಡೆದಿರಲಿಲ್ಲ, ಮೀಸೆ ಮೂಡಿರಲಿಲ್ಲ. ಫೋನಿನಲ್ಲಿ "ಅಮ್ಮಾ, ಸ್ವಲ್ಪ ಯಜಮಾನ್ರಿಗೆ ಕೊಡಿ" ಎಂದವರಿಗೆ "ಅಂಗಡಿಗೇ ಬನ್ನಿ, ಯಜಮಾನ್ರು ಸಿಗ್ತಾರೆ" ಎನ್ನುತ್ತಿದ್ದರಂತೆ. ಬಂದವರು ಪೆಚ್ಚಾದರೆ ತಾವೇ ಮೊದಲು ನಗುತ್ತಿದ್ದರು. ಆಮೇಲೆ ಒಬ್ಬ ಡಾಕ್ಟರು ಹಾರ್ಮೋನ್ ಇಂಜೆಕ್ಷನ್ ಶುರುಮಾಡಿದರು. ದನಿ ಗಡಸಾಯಿತು, ಮೀಸೆ ಬಂತು. ಇಂಜೆಕ್ಷನ್ನಿನ ಸಂಗತಿ ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಅವನದು ತಡವಾಗಿ ಬೆಳೆಯುವ ಮೈ ಎಂದುಕೊಂಡು ಮನೆಯವರು ಸುಮ್ಮನಾದರು.

ಒಂದು ಸಂಜೆ ಅಕ್ಕನ ಮನೆಗೆ ಹೋದಾಗ ಒಲೆಯ ಮೇಲಿನ ಹಾಲು ಸೀದು ಪಾತ್ರೆಯ ತಳ ಕಪ್ಪಾಗಿತ್ತು. ಬೀದಿಯಲ್ಲಿದ್ದ ಅಕ್ಕ ವಾಸನೆ ಹಿಡಿದು ಓಡಿಬಂದಿದ್ದಳು. ಒಲೆಗೆ ಬೆನ್ನು ಹಾಕಿ ಓದುತ್ತಿದ್ದ ಅವಳ ಹದಿನಾರರ ಮಗನಿಗೆ ಗೊತ್ತೇ ಆಗಿರಲಿಲ್ಲ. ಅವನ ಮೈಮರೆವಿಗೆ ಅಕ್ಕ ಬೈಯುತ್ತಿದ್ದಳು. ನೊರೆಮಾವ ಬೈಯಲಿಲ್ಲ. ಹುಡುಗನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕಾಫಿಪುಡಿ ಹಿಡಿದರು, ಆಮೇಲೆ ಸೋಪು. ಎರಡಕ್ಕೂ ಅವನು ಎಳೆಯ ದನಿಯಲ್ಲಿ, ಏನೂ ಇಲ್ಲ ಮಾವ, ಎಂದ.

ಮಾವ ಹೊಸ್ತಿಲ ಬಳಿ ಕುಳಿತುಬಿಟ್ಟರು. ವಾಸನೆಯೂ ತಿಳಿಯದು, ಹದಿನಾರಾದರೂ ಮೀಸೆಯ ಸುಳಿವೂ ಇಲ್ಲ, ಡಾಕ್ಟರಿಗೆ ತೋರಿಸೋಣ ಎಂದರೆ ಅಕ್ಕ ಒಪ್ಪಲಿಲ್ಲ.

"ಯಾಕೋ ಗಾಬರಿ? ನಿನಗೂ ಮೀಸೆ ತಡವಾಗೇ ಬರ್ಲಿಲ್ವಾ? ನಿನ್ನ ನೋಡ್ಕೊಂಡೇ ನಾನು ಧೈರ್ಯವಾಗಿದೀನಿ."

ತಾವು ಮುಚ್ಚಿಟ್ಟದ್ದೇ ಅಕ್ಕನ ಧೈರ್ಯವಾಗಿ ಕುಳಿತಿದೆ ಎಂದು ಅವರಿಗೆ ಆಗ ತಿಳಿಯಿತು.

"ತಾನಾಗೇ ಬರ್ಲಿಲ್ಲ ಅಕ್ಕ. ಇಂಜೆಕ್ಷನ್ ತಗೊಂಡ್ಮೇಲೆ ಬಂತು. ಈಗ್ಲೂ ತಗೋತಿದೀನಿ."

ಅಕ್ಕ ಬಹಳ ಹೊತ್ತು ಪಾತ್ರೆ ಉಜ್ಜುತ್ತಲೇ ಇದ್ದಳು. ಮರುದಿನ ಮೂವರೂ ಆಸ್ಪತ್ರೆಗೆ ಹೋದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮಗು ಹೊಟ್ಟೆಯಲ್ಲಿರುವಾಗ ವಾಸನೆಯ ನರಗಳೂ, ಪ್ರಾಯಕ್ಕೆ ಬರಲು ಸೂಚನೆ ಕೊಡುವ ಜೀವಕೋಶಗಳೂ ಮೂಗಿನ ಕಡೆಯಿಂದ ಮಿದುಳಿಗೆ ಒಂದೇ ದಾರಿಯಲ್ಲಿ ಸಾಗುತ್ತವೆ. ಈ ಮನೆಯವರ ಒಂದು ಜೀನಿನಲ್ಲಿ ದೋಷವಿದೆ; ಹಾಗಾಗಿ ಎರಡೂ ಅರ್ಧದಾರಿಯಲ್ಲೇ ನಿಂತಿವೆ. ತಾನು ಆರೋಗ್ಯವಾಗಿದ್ದೂ ತಾಯಿ ಅದನ್ನು ಮಗನಿಗೆ ದಾಟಿಸಬಹುದು. ಅದು ಅವಳ ತಪ್ಪಲ್ಲ. ಔಷಧಿ ಈಗಲೇ ಶುರುವಾದರೆ ಹುಡುಗ ಓರಗೆಯವರಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ. ಇವರಿಬ್ಬರಿಗೆ ಒಬ್ಬ ತಂಗಿಯೂ ಇದ್ದಾಳೆಂದು ಕೇಳಿ, ಅವಳ ಪುಟ್ಟ ಮಗನನ್ನೂ ತೋರಿಸುವುದು ಒಳ್ಳೆಯದು ಎಂದರು.

ಹೊರಗೆ ಬಂದ ಮೇಲೆ ಅಕ್ಕ ತಮ್ಮನ ಕೈ ಹಿಡಿದಳು.

"ತಂಗಿಗೆ ಡಾಕ್ಟರು ಹೇಳಿದ್ರು ಅಂತಷ್ಟೇ ಹೇಳ್ತೀನಿ ಕಣೋ. ನಿನ್ನ ವಿಷಯ ಎತ್ತೋದೇ ಇಲ್ಲ. ಅವಳ ಗಂಡನ ಬಾಯಿ ಗೊತ್ತಲ್ಲ ನಿನಗೆ."

"ಬೇಡ ಅಕ್ಕ," ಎಂದರು ನೊರೆಮಾವ. "ನನ್ನ ಮೀಸೆ ಕಥೆನೇ ಮೊದ್ಲು ಹೇಳು. ಇಲ್ದಿದ್ರೆ ಅವಳೂ ನನ್ನ ನೋಡ್ಕೊಂಡೇ ಕಾಯ್ತಾಳೆ."